ಸೂಪರ್‌ಚಾರ್ಜರಿನ ಬೆಲೆ ಮತ್ತು ಟ್ಯೂನಿಂಗ್ ವೆಚ್ಚ: ಎರಡೂ ಒಂದೇ ಲೆಕ್ಕ

ವಾಹನಗಳ ಬಿಡಿಭಾಗಗಳ ವ್ಯಾಪಾರದಲ್ಲಿ ಬಹುಕಾಲದಿಂದ ಇರುವ ನನ್ನ ಕಕ್ಷಿದಾರರೊಬ್ಬರು ಕಳೆದ ವರ್ಷದ ಲೆಕ್ಕಪತ್ರ ಮುಗಿಸುವ ಸಂದರ್ಭದಲ್ಲಿ ಒಂದು ಬಿಲ್ಲನ್ನು ಮುಂದಿಟ್ಟು, ‘ಇದನ್ನು ಯಾವ ಖಾತೆಗೆ ಹಾಕೋಣ ಸಾರ್?’ ಎಂದು ಕೇಳಿದರು. ಅದು ಒಂದು ಎಂಜಿನ್ನನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದ ಬಿಲ್ಲು. ಅವರ ಮಗ ನಡೆಸುವ ವರ್ಕ್‌ಶಾಪಿನಲ್ಲಿ ಗ್ರಾಹಕರೊಬ್ಬರ ರೇಸಿಂಗ್ ಕಾರಿಗೆ ಅಮೆರಿಕದಿಂದ ತರಿಸಿದ ಸೂಪರ್‌ಚಾರ್ಜರ್ ಕಿಟ್ ಅಳವಡಿಸಲಾಗಿತ್ತು. ಕಿಟ್ಟಿನ ಜೊತೆ ಬಂದ ಸಿದ್ಧ ಟ್ಯೂನ್ ಫೈಲನ್ನೇ ಎಂಜಿನ್ನಿನ ಕಂಪ್ಯೂಟರಿಗೆ ತುಂಬಿ ಕಾರನ್ನು ಒಪ್ಪಿಸಿದ್ದರು. ಚೆನ್ನೈ ಬಳಿಯ ರೇಸ್ ಟ್ರ್ಯಾಕಿನಲ್ಲಿ ಅಭ್ಯಾಸದ ಮೊದಲ ದಿನವೇ ಒಂದು ಪಿಸ್ಟನ್ ಕರಗಿ ತೂತಾಯಿತು. ಉಳಿಸಿದ ಟ್ಯೂನಿಂಗ್ ಶುಲ್ಕ ಕಿಟ್ಟಿನ ಬೆಲೆಯ ಹತ್ತನೇ ಒಂದು ಪಾಲೂ ಇರಲಿಲ್ಲ. ಎಂಜಿನ್ ದುರಸ್ತಿಯ ಖರ್ಚು ಕಿಟ್ಟಿನ ಬೆಲೆಯನ್ನೇ ಮೀರಿತ್ತು.

ತಪ್ಪು ಯಾರದು? ಫೈಲು ತಯಾರಕರದು ಎಂದು ವರ್ಕ್‌ಶಾಪಿನವರು ಹೇಳಿದರು. ಅಳವಡಿಸಿದವರೇ ಹೊಣೆ ಎಂದು ಗ್ರಾಹಕರು ಹೇಳಿದರು. ಎಸ್ಟಿಮೇಟ್ ತೆಗೆದು ನೋಡಿದರೆ ಅದರಲ್ಲಿದ್ದುದು ಎರಡೇ ಸಾಲು: ‘ಕಿಟ್’ ಮತ್ತು ‘ಅಳವಡಿಕೆಯ ಮಜೂರಿ’. ಟ್ಯೂನಿಂಗ್ ಎಂಬ ಮೂರನೆಯ ಸಾಲು ಇರಲೇ ಇಲ್ಲ. ನನ್ನ ಅಭಿಪ್ರಾಯದಲ್ಲಿ ನಷ್ಟದ ಮೂಲ ಇರುವುದು ಎಂಜಿನ್ನಿನಲ್ಲಲ್ಲ, ಆ ಬಿಟ್ಟುಹೋದ ಸಾಲಿನಲ್ಲಿ.

ವಿಷಯದ ತಿರುಳನ್ನು ಅರಿಯಲು ಯಂತ್ರಶಾಸ್ತ್ರದಲ್ಲಿ ಪಾಂಡಿತ್ಯ ಬೇಕಿಲ್ಲ. ನಮ್ಮ ಅನೇಕ ಕಾರ್ಖಾನೆಗಳಲ್ಲಿ ತ್ಯಾಜ್ಯ ನೀರಿನ ಶುದ್ಧೀಕರಣ ಘಟಕಕ್ಕೆ ಗಾಳಿಯೂದುವ ರೂಟ್ಸ್ ಬ್ಲೋಯರ್ ಇದೆ. ಅಮೆರಿಕದ ಇಂಡಿಯಾನಾ ರಾಜ್ಯದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಈ ಯಂತ್ರದ ವಂಶದ್ದೇ ಕಾರುಗಳ ಒಂದು ಬಗೆಯ ಸೂಪರ್‌ಚಾರ್ಜರ್. ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿನಿಂದ ಬೆಲ್ಟಿನ ಮೂಲಕ ಓಡುತ್ತ, ಅದು ಸಿಲಿಂಡರುಗಳಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ. 7 ಪಿಎಸ್‌ಐ ಒತ್ತಡವೆಂದರೆ ವಾತಾವರಣದ ಒತ್ತಡದ ಮೇಲೆ ಸುಮಾರು ಅರ್ಧದಷ್ಟು ಹೆಚ್ಚುವರಿ ಹೊರೆ.

ಗಾಳಿ ಹೆಚ್ಚಿದ ಮೇಲೆ ಅದಕ್ಕೆ ತಕ್ಕಷ್ಟು ಇಂಧನವೂ ಹೆಚ್ಚಬೇಕು. ಶುದ್ಧ ಪೆಟ್ರೋಲ್ ಪೂರ್ಣವಾಗಿ ಉರಿಯಲು ಅದರ ತೂಕದ 14.7 ಪಟ್ಟು ಗಾಳಿ ಸಾಕು. ಒತ್ತಡದ ಅಡಿಯಲ್ಲಿ ಪೂರ್ಣ ಶಕ್ತಿ ತೆಗೆಯುವಾಗ ಉಷ್ಣವನ್ನು ಹಿಡಿತದಲ್ಲಿಡಲು ಈ ಪ್ರಮಾಣವನ್ನು ಸಾಮಾನ್ಯವಾಗಿ 12ರ ಆಸುಪಾಸಿಗೆ ಇಳಿಸುತ್ತಾರೆ. ಕಿಡಿ ಹೊತ್ತುವ ಕಾಲವನ್ನೂ ಹಿಂದಕ್ಕೆ ಸರಿಸಬೇಕು. ಇಲ್ಲವಾದರೆ ಇಂಧನ ತಾನಾಗಿಯೇ ಸಿಡಿದು ಪಿಸ್ಟನ್ನಿಗೆ ಸುತ್ತಿಗೆಯ ಪೆಟ್ಟು ಕೊಡುತ್ತದೆ. ಮೆಕ್ಯಾನಿಕ್ಕರು ‘ನಾಕಿಂಗ್’ ಎನ್ನುವುದು ಇದನ್ನೇ. ಕಾರನ್ನು ಡೈನಮೋಮೀಟರಿನ ಮೇಲೆ ನಿಲ್ಲಿಸಿ, ಹೊಗೆನಳಿಕೆಗೆ ವೈಡ್‌ಬ್ಯಾಂಡ್ ಆಮ್ಲಜನಕ ಸೆನ್ಸರ್ ಜೋಡಿಸಿ, ಹೊರೆಯನ್ನು ಹಂತಹಂತವಾಗಿ ಏರಿಸುತ್ತ ಇಂಧನ ಮತ್ತು ಕಿಡಿಯ ಕೋಷ್ಟಕಗಳನ್ನು ಆ ಒಂದು ಎಂಜಿನ್ನಿಗೇ ಹೊಂದಿಸುವುದಕ್ಕೆ ಕಸ್ಟಮ್ ಟ್ಯೂನ್ ಎಂದು ಹೆಸರು.

ಹಾಗಿದ್ದರೆ ತಯಾರಕರ ಫೈಲು ಏಕೆ ಸಾಲದು? ಮೊದಲನೆಯದು ಇಂಧನ. ಅಮೆರಿಕದಲ್ಲಿ ಸಾಮಾನ್ಯವಾಗಿ ಸಿಗುವುದು ಶೇಕಡಾ 10ರ ಎಥನಾಲ್ ಬೆರೆತ ಪೆಟ್ರೋಲ್. ನಮ್ಮಲ್ಲಿ 2025ರ ಹೊತ್ತಿಗೆ ಮಿಶ್ರಣ ಶೇಕಡಾ 20ಕ್ಕೆ ತಲುಪಿತು. ಎಥನಾಲ್ ಹೆಚ್ಚಿದಷ್ಟೂ ಇಂಧನ ಹೆಚ್ಚು ಬೇಕು. ಅಲ್ಲಿನ ಪೆಟ್ರೋಲಿಗೆ ಬರೆದ ಕೋಷ್ಟಕ ಇಲ್ಲಿನ ಪೆಟ್ರೋಲಿನ ಮೇಲೆ ಪೂರ್ಣ ಹೊರೆಯಲ್ಲಿ ಸುಮಾರು ಶೇಕಡಾ 4ರಷ್ಟು ಕಡಿಮೆ ಸುರಿಯುತ್ತದೆ. ಆಕ್ಟೇನ್ ಅಂಕಿಯೂ ಮೋಸಗೊಳಿಸುತ್ತದೆ. ಅಮೆರಿಕದ ಪಂಪಿನಲ್ಲಿ ಬರೆದ 91 ಎಂಬುದು ಎರಡು ಬಗೆಯ ಅಳತೆಗಳ ಸರಾಸರಿ. ನಮ್ಮಲ್ಲಿ ಬಳಸುವ ಅಳತೆಯಲ್ಲಿ ಅದು ಹೆಚ್ಚುಕಡಿಮೆ 95ಕ್ಕೆ ಸಮ. ಅಂಕಿ ಒಂದೇ ಎಂದು ನಂಬಿದವರು ಮೋಸಹೋಗುತ್ತಾರೆ. ಎರಡನೆಯದು ಸ್ಥಳ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ವಾಯುಒತ್ತಡ ಚೆನ್ನೈಗಿಂತ ಹತ್ತರಲ್ಲಿ ಒಂದು ಪಾಲು ಕಡಿಮೆ. ಇಲ್ಲಿ ಸುರಕ್ಷಿತವೆನಿಸಿದ ಎಂಜಿನ್ ಅಲ್ಲಿ ಹೆಚ್ಚು ಗಾಳಿಯನ್ನು, ಅದೂ ಬಿಸಿ ಗಾಳಿಯನ್ನು ಕುಡಿಯುತ್ತದೆ. ಆದ್ದರಿಂದ ಬೆಂಗಳೂರಿನಲ್ಲಿ ಮಾಡಿದ ಟ್ಯೂನನ್ನೂ ಓಡಿಸುವ ಸ್ಥಳದಲ್ಲಿ ಮತ್ತೊಮ್ಮೆ ಪರೀಕ್ಷಿಸತಕ್ಕದ್ದು.

ಇನ್ನು ಲೆಕ್ಕದ ಮಾತು. ಸ್ಥಿರಾಸ್ತಿಗಳಿಗೆ ಸಂಬಂಧಿಸಿದ 10ನೇ ಲೆಕ್ಕಪತ್ರ ಮಾನಕವು ಆಸ್ತಿಯ ವೆಚ್ಚದಲ್ಲಿ ಖರೀದಿ ಬೆಲೆಯನ್ನಷ್ಟೇ ಅಲ್ಲ, ಅದನ್ನು ಉದ್ದೇಶಿತ ಕೆಲಸಕ್ಕೆ ಸಿದ್ಧಗೊಳಿಸುವ ನೇರ ವೆಚ್ಚಗಳನ್ನೂ ಸೇರಿಸುತ್ತದೆ. ಅಳವಡಿಕೆ, ಜೋಡಣೆ, ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂಬ ಪರೀಕ್ಷೆ ಎಲ್ಲವೂ ಅದರಲ್ಲಿ ಬರುತ್ತವೆ. ಟ್ಯೂನಿಂಗ್ ಆಗದ ಸೂಪರ್‌ಚಾರ್ಜರ್ ಈ ಅರ್ಥದಲ್ಲಿ ಇನ್ನೂ ಸಿದ್ಧವಾಗದ ಆಸ್ತಿ. ‘ಮುಂದೆ ನೋಡೋಣ’ ಎಂದು ಅದನ್ನು ಪಕ್ಕಕ್ಕಿಡುವುದು ಮಿತವ್ಯಯವಲ್ಲ, ವೆಚ್ಚವನ್ನು ಮುಚ್ಚಿಟ್ಟಂತೆ.

ಬಿಲ್ಲಿನ ಬಗ್ಗೆಯೂ ಒಂದು ಮಾತು. ವಾಹನ ಸರ್ವಿಸಿನಲ್ಲಿ ಬಿಡಿಭಾಗ ಮತ್ತು ಮಜೂರಿಯನ್ನು ಪ್ರತ್ಯೇಕವಾಗಿ ತೋರಿಸಿದರೆ ಆಯಾ ದರದಲ್ಲಿ ಜಿಎಸ್‌ಟಿ ಅನ್ವಯವಾಗುತ್ತದೆಂದು 2018ರ ಜೂನ್ ತಿಂಗಳ ಸುತ್ತೋಲೆ ತಿಳಿಸಿತು. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ದರವೂ ಶೇಕಡಾ 18ಕ್ಕೆ ಬಂದದ್ದರಿಂದ ತೆರಿಗೆಯ ವ್ಯತ್ಯಾಸ ಹೋಯಿತು. ಆದರೂ ಸಾಲುಗಳನ್ನು ಬೇರೆಬೇರೆಯಾಗಿ ಬರೆಯುವುದನ್ನು ಬಿಡಬಾರದು. ಯಾವ ಕೆಲಸಕ್ಕೆ ಹಣ ಪಡೆದಿದ್ದೇವೆ, ಯಾವುದಕ್ಕೆ ಪಡೆದಿಲ್ಲ ಎಂಬುದಕ್ಕೆ ಆ ಸಾಲುಗಳೇ ಸಾಕ್ಷಿ.

ಕಾನೂನಿನ ಗಡಿಯನ್ನೂ ಮರೆಯುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ನಮೂದಿಸಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ದಂಡ ಮತ್ತು ಕಾರಾವಾಸದ ಅವಕಾಶವನ್ನೂ ಸೇರಿಸಿತು. ರಸ್ತೆಯ ಕಾರಿಗೆ ಇಂಥ ಕೆಲಸವನ್ನು ಒಪ್ಪಿಕೊಳ್ಳುವ ವರ್ಕ್‌ಶಾಪು ತನ್ನ ಗ್ರಾಹಕರನ್ನು ತೊಂದರೆಗೆ ದೂಡುತ್ತದೆ. ಮುಚ್ಚಿದ ಟ್ರ್ಯಾಕಿನ ಮೋಟಾರು ಕ್ರೀಡೆಯೇ ಈ ವ್ಯವಹಾರದ ಸರಿಯಾದ ಕ್ಷೇತ್ರ.

ಈ ಕ್ಷೇತ್ರದಲ್ಲಿರುವ ಸದಸ್ಯ ಬಾಂಧವರಲ್ಲಿ ನನ್ನ ಸಲಹೆ ಇಷ್ಟು: ಟ್ಯೂನಿಂಗ್ ಸೇರದ ಎಸ್ಟಿಮೇಟ್ ಕೊಡಬೇಡಿ. ಯಾವ ಇಂಧನ, ಯಾವ ಸ್ಥಳಕ್ಕೆ ಟ್ಯೂನ್ ಮಾಡಲಾಗಿದೆ ಎಂಬುದನ್ನು ಬರೆದುಕೊಡಿ. ಡೈನಮೋಮೀಟರಿನ ದಾಖಲೆಯ ಒಂದು ಪ್ರತಿಯನ್ನು ಗ್ರಾಹಕರಿಗೆ ಕೊಟ್ಟು, ಇನ್ನೊಂದನ್ನು ನಿಮ್ಮ ಕಡತದಲ್ಲಿಡಿ. ಟ್ಯೂನಿಂಗ್ ಬೇಡವೆನ್ನುವ ಗ್ರಾಹಕರಿಗೆ ನಯವಾಗಿ ಕೆಲಸವನ್ನೇ ನಿರಾಕರಿಸಿ.

ಕಡೆಯ ಸಲಹೆ ಕಹಿಯೆಂದು ಬಲ್ಲೆ. ಪಕ್ಕದ ಬೀದಿಯವರು ಕಡಿಮೆ ದರ ಹೇಳಿ ಗಿರಾಕಿಯನ್ನು ಕರೆದೊಯ್ಯುತ್ತಾರೆ ಎಂಬ ಭಯ ನ್ಯಾಯವೇ. ನನ್ನ ಕಕ್ಷಿದಾರರ ಮಗ ಈ ನಿಯಮ ಹಾಕಿಕೊಂಡ ಮೇಲೆ ಇಬ್ಬರು ಗಿರಾಕಿಗಳು ಬೇರೆಡೆ ಹೋದರು. ಆದರೆ ಅಂದು ನಾನು ಆ ಬಿಲ್ಲನ್ನು ನಷ್ಟದ ಖಾತೆಗೆ ಬರೆಯಲು ಹೇಳಿದಾಗ ತಂದೆಯವರು ಹೇಳಿದ ಮಾತು ನೆನಪಿದೆ: ‘ಎರಡು ವರ್ಷದ ಲಾಭ ಒಂದೇ ಸಾಲಿನಲ್ಲಿ ಹೋಯಿತು.’ ಹೋದ ಗಿರಾಕಿಯ ಲಾಭಕ್ಕಿಂತ ಉಳಿದ ಎಂಜಿನ್ನಿನ ಲೆಕ್ಕವೇ ದೊಡ್ಡದು.