ದುಡಿಯುವವರ ಎದೆಬಡಿತ ಗದ್ದಲವೇ?

ಯಡೂರಿನಲ್ಲಿ ಕೃಷ್ಣೆಯ ದಡದ ಹೊಲದಲ್ಲಿ ಕಬ್ಬು ಕಟಾವಿನ ಆಳೊಬ್ಬ ತಲೆ ಮೇಲೆ ಹೊರೆ ಹೊತ್ತು ಟ್ರೇಲರಿಗೆ ಆನಿಸಿದ ಹಲಗೆ ಏರುತ್ತಿದ್ದಾನೆ ಎಂದಿಟ್ಟುಕೊಳ್ಳೋಣ. ಕಣ್ಣಿಗೆ ಕತ್ತಲು ಬಂದು ಕುಸಿಯುತ್ತಾನೆ. ಆಸ್ಪತ್ರೆ ತಲುಪುವಷ್ಟರಲ್ಲಿ ಚೇತರಿಸಿಕೊಂಡಿರುತ್ತಾನೆ. ಮಲಗಿಸಿ ಇಸಿಜಿ ತೆಗೆಯುತ್ತಾರೆ. 'ಏನೂ ಇಲ್ಲ, ಹೋಗಿ ಬಾ' ಎನ್ನುತ್ತಾರೆ. ನಿಜವಾಗಿ ಏನೂ ಇಲ್ಲವೇ?

ಸಾಮಾನ್ಯ ಇಸಿಜಿ ನೋಡುವುದು ಹತ್ತು ಸೆಕೆಂಡುಗಳ ಬಡಿತವನ್ನು. ಬಂದು ಹೋಗುವ ತಾಳ ತಪ್ಪಿದ ಬಡಿತ ಆ ಗಳಿಗೆಗಾಗಿ ಕಾದು ಕೂರುವುದಿಲ್ಲ. ನಡೆದಾಡುವ ಮನುಷ್ಯನ ಹೃದಯವನ್ನೇ ಓದಬೇಕೆಂದು ಅಮೆರಿಕದ ನಾರ್ಮನ್ ಹೋಲ್ಟರ್ 1940ರ ದಶಕದಲ್ಲಿ ತಯಾರಿಸಿದ ಯಂತ್ರ ಸುಮಾರು 38 ಕಿಲೋ ತೂಕದ ಬೆನ್ನುಹೊರೆಯಾಗಿತ್ತು. ಇಂದು ಎದೆಗೆ ಅಂಟಿಸುವ ಪುಟ್ಟ ಪಟ್ಟಿ ಆ ಕೆಲಸ ಮಾಡುತ್ತದೆ. ಕೈಗಡಿಯಾರವೂ ಮಾಡುತ್ತೇನೆನ್ನುತ್ತದೆ.

ಆದರೆ ಇವು ಯಾರ ಎದೆಬಡಿತ ಕೇಳಿ ಪಾಠ ಕಲಿತವು? 1980ರಿಂದ ಸಂಶೋಧಕರು ತಮ್ಮ ಸೂತ್ರಗಳನ್ನು ಒರೆಗೆ ಹಚ್ಚುತ್ತಾ ಬಂದ ಎಂಐಟಿ-ಬಿಐಎಚ್ ಸಂಗ್ರಹದಲ್ಲಿರುವುದು ಬಾಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಪಡೆದ 47 ಜನರ ದಾಖಲೆ. 2019ರಲ್ಲಿ ಪ್ರಕಟವಾದ ಆ್ಯಪಲ್ ಹೃದಯ ಅಧ್ಯಯನದಲ್ಲಿ 4,19,297 ಮಂದಿ ಇದ್ದರು. ಎಲ್ಲರೂ ಅಮೆರಿಕದವರು, ಆ ಕಂಪೆನಿಯ ಫೋನು, ಗಡಿಯಾರ ಉಳ್ಳವರು. ಗಡಿಯಾರ ನಾಡಿಯ ತಾಳ ಪರೀಕ್ಷಿಸುತ್ತಿದ್ದುದೂ ಕೈ ಅಲುಗದಿದ್ದಾಗ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ತಾಯಂದಿರ ಕೈ ಹಗಲಲ್ಲಿ ಎಷ್ಟು ಹೊತ್ತು ಸುಮ್ಮನಿರುತ್ತದೆ?

ಕೊಯ್ತ ಬೀಸಿದಾಗ ಸ್ನಾಯುಗಳ ವಿದ್ಯುತ್ತು ಹೃದಯದ ಸಂಕೇತದೊಳಗೆ ಬೆರೆಯುತ್ತದೆ. ಬೆವರಿಗೆ ಪಟ್ಟಿ ಸಡಿಲಾಗುತ್ತದೆ. ತಂತ್ರಜ್ಞರು ಇದನ್ನು 'ಗದ್ದಲ' ಎಂದು ಕರೆದು ಸೋಸಲು ನೋಡುತ್ತಾರೆ. ಸೋಸಲಾಗದ ಭಾಗವನ್ನು ಬಿಟ್ಟುಬಿಡುತ್ತಾರೆ. ಬಿಟ್ಟುಹೋಗುವುದು ದುಡಿಮೆಯ ಹೊತ್ತೇ ಆದರೆ ದುಡಿಯುವವನ ಹೃದಯಕ್ಕೆ ಸಾಕ್ಷಿ ಯಾರು? ಹೊರೆ ಹೊತ್ತಾಗ ನಿಮಿಷಕ್ಕೆ 150 ಬಡಿತ ಸಹಜವಿರಬಹುದು. ಮಲಗಿದ್ದಾಗ ಅದೇ 150 ಎಚ್ಚರಿಕೆಯ ಗಂಟೆ. ಆಗ ಆತ ಏನು ಮಾಡುತ್ತಿದ್ದ ಎಂಬುದು ತಿಳಿಯದೆ ಅಂಕಿಗೆ ಅರ್ಥವಿಲ್ಲ.

ಪುನೀತ್ ರಾಜ್‌ಕುಮಾರ್ 2021ರಲ್ಲಿ ನಿಧನರಾದ ಬಳಿಕ ಅವರ ಹೆಸರಿನಲ್ಲಿ ಸರಕಾರ ಹೃದಯ ಜ್ಯೋತಿ ಯೋಜನೆ ತಂದಿತು. ತಾಲೂಕು ಆಸ್ಪತ್ರೆಗಳಲ್ಲಿ ತುರ್ತು ಇಸಿಜಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಉಚಿತ ಚುಚ್ಚುಮದ್ದು ಅದರ ತಿರುಳು. ನಾವು ಅದನ್ನು ಮನಸಾರೆ ಮೆಚ್ಚುತ್ತೇವೆ. ಆದರೆ ಅದು ಹೃದಯಾಘಾತವಾದ ಮೇಲಿನ ಆಸರೆ. ಮಳೆಗಾಲದ ಪ್ರವಾಹಕ್ಕೆ ಕಲ್ಲೋಳ-ಯಡೂರ ಸೇತುವೆ ಮುಳುಗಿದಾಗ ಆ ಆಸರೆಯೂ ದೂರವಾಗುತ್ತದೆ. ಅಪಾಯವನ್ನು ಮೊದಲೇ ಗುರುತಿಸಬೇಡವೇ?

ನಾವು ಕೇಳುವುದು ದೊಡ್ಡದಲ್ಲ. ಕೆಲಸದ ನಡುವೆ ತಲೆಸುತ್ತಿ ಬಿದ್ದವರಿಗೆ, ವೈದ್ಯರು ಬೇಕೆಂದರೆ, ಹೋಲ್ಟರ್ ಪರೀಕ್ಷೆ ತಾಲೂಕು ಆಸ್ಪತ್ರೆಯಲ್ಲೇ ಪುಕ್ಕಟೆ ಸಿಗಲಿ. ಸಾಧ್ಯವಿದ್ದಲ್ಲಿ ಅದು ದುಡಿಮೆಯ ದಿನವನ್ನೂ ದಾಖಲಿಸಲಿ. ಆ ದಿನದ ಕೆಲಸಗಳನ್ನು ಕನ್ನಡದಲ್ಲೋ ಮರಾಠಿಯಲ್ಲೋ ಕೇಳಿ ಬರೆದುಕೊಳ್ಳುವವರಿರಲಿ. ಆ ದಾಖಲೆ ಗುತ್ತಿಗೆದಾರನ ಕೈಗಾಗಲಿ ವಿಮಾ ಕಂಪೆನಿಯ ಕೈಗಾಗಲಿ ಸೇರದಿರಲಿ. ಗಡಿಯಾರ ಕೊಳ್ಳಬಲ್ಲವರ ಹೃದಯಕ್ಕಷ್ಟೇ ಕಿವಿಗೊಡುವ ವಿಜ್ಞಾನವನ್ನು ಪ್ರಗತಿಯೆಂದು ಒಪ್ಪಲು ನಾವು ಸಿದ್ಧರಿಲ್ಲ.