ಬೆನ್ನುಹುರಿಯ ಪೆಟ್ಟಿನಿಂದ ಸ್ವಾಧೀನ ಕಳೆದುಕೊಂಡವರ ಚಿಕಿತ್ಸೆ ಮತ್ತು ನಿತ್ಯಜೀವನದ ವೆಚ್ಚ ಕುರಿತ ಮನವಿ ಪತ್ರ

ಇವರಿಗೆ,
ಕಾರ್ಯದರ್ಶಿಗಳು,
ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ಮಾನ್ಯ ಜಿಲ್ಲಾಧಿಕಾರಿಗಳು, ಉತ್ತರ ಕನ್ನಡ ಜಿಲ್ಲೆ, ಕಾರವಾರ ಇವರ ಮೂಲಕ.

ವಿಷಯ: ಬೆನ್ನುಹುರಿ ಪೆಟ್ಟಿಗೊಳಗಾದ ವಿಕಲಚೇತನರ ತಿಂಗಳ ವೈದ್ಯಕೀಯ ಸಾಮಗ್ರಿ, ಆರೈಕೆದಾರರ ಭತ್ಯೆ ಮತ್ತು ಮನೆ ಬಾಗಿಲ ಚಿಕಿತ್ಸೆಯನ್ನು ಸರ್ಕಾರದ ಹೊಣೆಯಾಗಿ ವಹಿಸಿಕೊಳ್ಳುವ ಕುರಿತು.

ಮಾನ್ಯರೆ,

ಸಿದ್ದಾಪುರ ತಾಲೂಕಿನ ನಿಲ್ಕುಂದ ಮತ್ತು ಸುತ್ತಲಿನ ಗ್ರಾಮಗಳಲ್ಲಿ, ಅದರಂತೆಯೇ ಶಿರಸಿ ಮತ್ತು ಯಲ್ಲಾಪುರ ತಾಲೂಕುಗಳ ಘಟ್ಟದಂಚಿನ ಊರುಗಳಲ್ಲಿ, ಮರದಿಂದ ಬಿದ್ದು ಇಲ್ಲವೇ ರಸ್ತೆ ಅಪಘಾತದಲ್ಲಿ ಸಿಲುಕಿ ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡು, ಕೈಕಾಲುಗಳ ಸ್ವಾಧೀನ ಕಳೆದುಕೊಂಡು ಮನೆಯೊಳಗೆ ಉಳಿದವರ ಸ್ನೇಹಿತರು, ನೆರೆಹೊರೆಯವರು ಮತ್ತು ಬಂಧುಗಳು ಕೂಡಿ ಈ ಮನವಿಯನ್ನು ಸಲ್ಲಿಸುತ್ತಿದ್ದಾರೆ. ಇಂಥವರ ಚಿಕಿತ್ಸೆಗೆ ಊರಿನಲ್ಲಿ ಹಣ ಕೂಡಿಸುವ ಕೆಲಸವನ್ನು ಈ ಸ್ನೇಹಿತರು ಇದುವರೆಗೆ ತಮ್ಮ ಕರ್ತವ್ಯವೆಂದೇ ಮಾಡಿದ್ದಾರೆ, ಮುಂದೆಯೂ ಮಾಡುತ್ತಾರೆ. ಆದರೆ ಆಸ್ಪತ್ರೆಯ ಒಂದು ಬಾರಿಯ ಬಿಲ್ಲನ್ನು ಊರು ಹೊರಬಹುದಾದರೂ ಜೀವನಪರ್ಯಂತ ಪ್ರತಿ ತಿಂಗಳೂ ಬರುವ ಖರ್ಚನ್ನು ಯಾವ ಊರೂ ಹೊರಲಾರದು ಎಂಬುದನ್ನೂ, ಆ ತಿಂಗಳ ಖರ್ಚಿನ ಹೊಣೆಯನ್ನು ಕಾನೂನು ಈಗಾಗಲೇ ಸರ್ಕಾರಕ್ಕೆ ವಹಿಸಿದೆ ಎಂಬುದನ್ನೂ ಮಾನ್ಯರ ಗಮನಕ್ಕೆ ತರುವುದು ಈ ಪತ್ರದ ಉದ್ದೇಶವಾಗಿದೆ.

ಈ ಭಾಗದ ಬದುಕು ಅಡಿಕೆ ತೋಟವನ್ನು ನಂಬಿದೆ. ಕೊನೆಗೌಡ, ಅಂದರೆ ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ನುರಿತ ಕೆಲಸಗಾರ, ಒಂದು ಮರದ ತುದಿಯಿಂದಲೇ ಇನ್ನೊಂದು ಮರಕ್ಕೆ ದಾಟುತ್ತ ದಿನವಿಡೀ ನೆಲಕ್ಕಿಳಿಯದೆ ದುಡಿಯುವುದುಂಟು. ಮಳೆಗಾಲದಲ್ಲಿ ಕೊಳೆರೋಗ ತಡೆಯಲು ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ, ಸಿಂಪಡಿಸುವಾಗ ಅದೇ ಮರ ಹಸಿಯಾಗಿ ಜಾರುತ್ತಿರುತ್ತದೆ. ಎತ್ತರದಿಂದ ಬಿದ್ದಾಗ ಬೆನ್ನೆಲುಬು ಮುರಿದು ಅದರೊಳಗಿನ ನರಗಳ ಹುರಿ ಜಜ್ಜಿಹೋದರೆ, ಪೆಟ್ಟಾದ ಜಾಗದಿಂದ ಕೆಳಗಿನ ಅಂಗಗಳಿಗೆ ಮಿದುಳಿನ ಸಂದೇಶ ತಲುಪುವುದು ನಿಲ್ಲುತ್ತದೆ. ಪೆಟ್ಟು ಎದೆ ಅಥವಾ ಸೊಂಟದ ಮಟ್ಟದಲ್ಲಿದ್ದರೆ ಕಾಲುಗಳೂ, ಕುತ್ತಿಗೆಯ ಮಟ್ಟದಲ್ಲಿದ್ದರೆ ಕೈಗಳೂ ಕಾಲುಗಳೂ ಸ್ವಾಧೀನ ತಪ್ಪುತ್ತವೆ. ಶಸ್ತ್ರಚಿಕಿತ್ಸೆಯು ಮುರಿದ ಎಲುಬನ್ನು ನಿಲ್ಲಿಸಬಲ್ಲುದು, ಆದರೆ ಪೂರ್ತಿ ಕಡಿದ ನರಹುರಿಯನ್ನು ಮೊದಲಿನಂತೆ ಮಾಡುವ ಚಿಕಿತ್ಸೆ ಇಂದಿಗೂ ಇಲ್ಲ. ಹೀಗಾಗಿ ಆಸ್ಪತ್ರೆಯಿಂದ ಮನೆಗೆ ಬಂದ ದಿನದಿಂದಲೇ ನಿಜವಾದ ಆರೈಕೆ ಆರಂಭವಾಗುತ್ತದೆ.

ಆ ಆರೈಕೆ ಏನೆಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ಯೋಜನೆಗಳನ್ನು ರೂಪಿಸುವವರ ಕಣ್ಣಿಗೆ ಗಾಲಿಕುರ್ಚಿ ಮಾತ್ರ ಬೀಳುತ್ತದೆ, ಉಳಿದುದು ಮನೆಯೊಳಗೆ ಮರೆಯಾಗಿರುತ್ತದೆ. ಸ್ಪರ್ಶಜ್ಞಾನವಿಲ್ಲದ ದೇಹ ಒಂದೇ ಮಗ್ಗುಲಲ್ಲಿ ಮಲಗಿದ್ದರೆ, ಒತ್ತಿದ ಜಾಗಕ್ಕೆ ರಕ್ತ ಹರಿಯದೆ ಚರ್ಮ ಸತ್ತು ಹುಣ್ಣಾಗುತ್ತದೆ. ಬೆಡ್ ಸೋರ್ ಎಂದು ಆಸ್ಪತ್ರೆಗಳಲ್ಲಿ ಕರೆಯುವ ಈ ಹುಣ್ಣು ಎಲುಬಿನವರೆಗೂ ಇಳಿಯಬಲ್ಲುದು; ಅದನ್ನು ತಡೆಯಲು ಸುಮಾರು ಎರಡು ಗಂಟೆಗೊಮ್ಮೆ, ರಾತ್ರಿಯಲ್ಲಿಯೂ, ಮಗ್ಗುಲು ಬದಲಿಸಬೇಕು. ಮೂತ್ರಕೋಶ ತಾನಾಗಿ ಖಾಲಿಯಾಗದ ಕಾರಣ ಕ್ಯಾತಿಟರ್ ಎಂಬ ತೆಳುವಾದ ನಳಿಕೆಯನ್ನು ನಾಲ್ಕರಿಂದ ಆರು ಗಂಟೆಗೊಮ್ಮೆ ತೂರಿಸಿ ಮೂತ್ರ ತೆಗೆಯಬೇಕು. ಒಮ್ಮೆ ಬಳಸಿ ಎಸೆಯುವ ನಳಿಕೆಯಾದರೆ ತಿಂಗಳಿಗೆ 120ರಿಂದ 180 ಬೇಕಾಗುತ್ತವೆ. ಅವನ್ನು ಕೊಳ್ಳಲಾಗದವರು ಒಂದೇ ನಳಿಕೆಯನ್ನು ತೊಳೆದು ತೊಳೆದು ದಿನಗಟ್ಟಲೆ ಬಳಸುತ್ತಾರೆ. ಮೂತ್ರ ಪೂರ್ತಿ ಖಾಲಿಯಾಗದೆ, ಸ್ವಚ್ಛತೆಯೂ ತಪ್ಪಿ ಪದೇಪದೇ ಸೋಂಕು ತಗುಲಿದರೆ ಕೊನೆಗೆ ಮೂತ್ರಪಿಂಡಗಳೇ ಕೆಡುತ್ತವೆ. ಇವುಗಳ ಜೊತೆಗೆ ಡೈಪರ್, ಗ್ಲೌಸ್, ಹುಣ್ಣಿನ ಡ್ರೆಸ್ಸಿಂಗ್, ಸ್ನಾಯು ಸೆಳೆತದ ಮಾತ್ರೆ, ಗಾಳಿ ಹಾಸಿಗೆ ಎಲ್ಲವೂ ಬೇಕು. ಗಾಳಿ ಹಾಸಿಗೆಯ ಪಂಪು ಕರೆಂಟಿನಿಂದ ನಡೆಯುವಂಥದು. ನಿಲ್ಕುಂದದಂಥ ಊರುಗಳಲ್ಲಿ ಆಷಾಢದ ಮಳೆಗೆ ಮರ ಬಿದ್ದು ಲೈನ್ ಹೋದರೆ ಅದು ಮರಳಿ ಬರುವವರೆಗೆ ಹಾಸಿಗೆಯ ಗಾಳಿ ಇಳಿದು, ರೋಗಿ ಬರಿ ಹಲಗೆಯ ಮೇಲೆ ಮಲಗಿದಂತಾಗುತ್ತದೆ.

ಈ ಆರೈಕೆ ಸರಿಯಾಗಿ ದೊರೆತರೆ ಜೀವ ಉಳಿಯುತ್ತದೆ ಎಂಬುದಕ್ಕೆ ಎಂಬತ್ತು ವರ್ಷಗಳ ಅನುಭವ ಸಾಕ್ಷಿಯಾಗಿದೆ. ಬೆನ್ನುಹುರಿ ಪೆಟ್ಟಾದವರು ಹುಣ್ಣು ಮತ್ತು ಮೂತ್ರದ ಸೋಂಕಿನಿಂದ ಬೇಗನೆ ಸಾಯುವುದೇ ಸಹಜವೆಂದು ನಂಬಿದ್ದ ಕಾಲದಲ್ಲಿ, 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾ. ಲುಡ್ವಿಗ್ ಗಟ್‌ಮನ್ ಅವರು ಮಗ್ಗುಲು ಬದಲಿಸುವುದು, ಮೂತ್ರಕೋಶದ ಕಾಳಜಿ, ವ್ಯಾಯಾಮ ಮತ್ತು ಕೆಲಸದ ತರಬೇತಿಗಳನ್ನು ಶಿಸ್ತಾಗಿ ಜಾರಿಗೊಳಿಸಿ ಆ ನಂಬಿಕೆಯನ್ನು ಸುಳ್ಳಾಗಿಸಿದರು. ಅವರು 1948ರಲ್ಲಿ ಅಲ್ಲಿ ಆರಂಭಿಸಿದ ಸ್ಪರ್ಧೆಗಳೇ ಮುಂದೆ ಪ್ಯಾರಾಲಿಂಪಿಕ್ಸ್ ಆಗಿ ಬೆಳೆದವು. ನಮ್ಮ ದೇಶದಲ್ಲಿ, ಅಪಘಾತದಲ್ಲಿ ತಾವೇ ಕಾಲುಗಳ ಸ್ವಾಧೀನ ಕಳೆದುಕೊಂಡ ಡಾ. ಮೇರಿ ವರ್ಗೀಸ್ ಅವರು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಪುನರ್ವಸತಿ ಕೇಂದ್ರವನ್ನು 1966ರಲ್ಲಿ ಕಟ್ಟಿ ನಿಲ್ಲಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ 2013ರ ವರದಿಯಂತೆ ಜಗತ್ತಿನಲ್ಲಿ ಪ್ರತಿ ವರ್ಷ ಎರಡೂವರೆ ಲಕ್ಷದಿಂದ ಐದು ಲಕ್ಷ ಜನ ಇಂಥ ಪೆಟ್ಟಿಗೆ ಒಳಗಾಗುತ್ತಾರೆ, ಅವರು ಅಕಾಲದಲ್ಲಿ ಸಾಯುವ ಸಂಭವ ಇತರರಿಗಿಂತ ಎರಡರಿಂದ ಐದು ಪಟ್ಟು ಹೆಚ್ಚು, ಮತ್ತು ಬಡ ದೇಶಗಳಲ್ಲಿ ಬದುಕುಳಿಯುವವರ ಪ್ರಮಾಣ ಇನ್ನೂ ಕಡಿಮೆ. ಪೆಟ್ಟು ಒಂದೇ ಆಗಿದ್ದರೂ ಆಯುಷ್ಯವನ್ನು ತೀರ್ಮಾನಿಸುವುದು ಮನೆಗೆ ತಲುಪುವ ಆರೈಕೆ ಎಂದು ಇದರಿಂದ ತಿಳಿಯುತ್ತದೆ.

ಹಣ ಕೂಡಿಸುವ ಪರಿ ಈ ಸೀಮೆಗೆ ಹೊಸತಲ್ಲ. ಒಬ್ಬರ ತೋಟದ ಕೆಲಸಕ್ಕೆ ಇನ್ನೊಬ್ಬರು ಆಳಾಗಿ ಹೋಗಿ ತೀರಿಸಿಕೊಳ್ಳುವ ಮುರಿಯಾಳು ಪದ್ಧತಿ ಇಲ್ಲಿ ಬೆಳೆದಿದೆ. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ 1923ರಲ್ಲಿಯೇ ಹುಟ್ಟಿದ ಸಹಕಾರದ ನೆಲ ಇದು. ಯಾರಾದರೂ ಆಸ್ಪತ್ರೆ ಸೇರಿದಾಗ ಸಹಾಯಾರ್ಥ ಯಕ್ಷಗಾನ ಅಥವಾ ತಾಳಮದ್ದಲೆ ಏರ್ಪಡಿಸುವುದು, ಮನೆಮನೆಗೆ ಹೋಗಿ ವಂತಿಗೆ ಎತ್ತುವುದು, ಈಚೆಗೆ ಮೊಬೈಲಿನಲ್ಲಿ ಬ್ಯಾಂಕ್ ಖಾತೆಯ ವಿವರ ಕಳಿಸಿ ಬೆಂಗಳೂರಿನಲ್ಲಿರುವ ಊರಿನ ಮಕ್ಕಳಿಂದ ಹಣ ತರಿಸುವುದು ರೂಢಿಯಲ್ಲಿದೆ. ಆದರೆ ಈ ಸಹಾಯಕ್ಕೆ ಒಂದು ಮಿತಿಯಿದೆ. ಅಪಘಾತದ ಸುದ್ದಿ ಹೊಸದಾಗಿದ್ದಾಗ ಕೈ ಬಿಚ್ಚಿ ಕೊಡುವ ಜನ ಮೂರನೆಯ ವರ್ಷದ ಡೈಪರಿಗೆ ಕೊಡುವುದಿಲ್ಲ, ಮತ್ತು ಹಾಗೆ ಕೊಡದಿರುವುದಕ್ಕೆ ಅವರನ್ನು ದೂರುವಂತಿಲ್ಲ, ಏಕೆಂದರೆ ಅವರ ಮನೆಯಲ್ಲಿಯೂ ಕೊಳೆರೋಗ, ಎಲೆಚುಕ್ಕಿ ರೋಗ, ಸಾಲ, ಮಕ್ಕಳ ಓದು ಇವೆ. ಇದಕ್ಕಿಂತ ದೊಡ್ಡ ನೋವೆಂದರೆ, ಸ್ವಾಧೀನ ಕಳೆದುಕೊಂಡವರು ತಮ್ಮ ಮಲಮೂತ್ರದ ಅಗತ್ಯವನ್ನು ಊರ ಮುಂದೆ ಮತ್ತೆ ಮತ್ತೆ ಹೇಳಿಕೊಂಡು ಬೇಡಬೇಕಾಗುತ್ತದೆ. ಪರಿಚಯ ಹೆಚ್ಚಿದ್ದವರಿಗೆ ಹೆಚ್ಚು ಹಣ, ಒಂಟಿಯಾದ ಕೂಲಿಯ ಮನೆಗೆ ಕಡಿಮೆ ಹಣ ಸೇರುತ್ತದೆ. ಅಗತ್ಯ ಮಾತ್ರ ಇಬ್ಬರದೂ ಒಂದೇ.

ಸರ್ಕಾರದ ಈಗಿನ ಯೋಜನೆಗಳನ್ನು ಮನವಿದಾರರು ಕೃತಜ್ಞತೆಯಿಂದಲೇ ನೆನೆಯುತ್ತಾರೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ, ಆದರೆ ಅದು ಆಸ್ಪತ್ರೆಯೊಳಗಿನ ಚಿಕಿತ್ಸೆಗೇ ಹೊರತು ಮನೆಯಲ್ಲಿ ಬಳಸುವ ಸಾಮಗ್ರಿಗೆ ಅಲ್ಲ. ರಾಷ್ಟ್ರೀಯ ನ್ಯಾಸದ ನಿರಾಮಯ ಆರೋಗ್ಯ ವಿಮೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ವಿಕಲತೆ ಇರುವವರಿಗೆ ಸೀಮಿತವಾಗಿದೆ. ಶೇ. 75 ಮತ್ತು ಅದಕ್ಕೂ ಹೆಚ್ಚಿನ ವಿಕಲತೆ ಇರುವವರಿಗೆ ರಾಜ್ಯ ನಿಗದಿಪಡಿಸಿದ ಮಾಸಾಶನ 1,400 ರೂಪಾಯಿ, ಅಂದರೆ ದಿನಕ್ಕೆ 47 ರೂಪಾಯಿಗೂ ಕಡಿಮೆ. ಅದರಲ್ಲಿ ಊಟವೂ ನಳಿಕೆಯೂ ಸೇರಬೇಕು. 2024-25ರ ಆಯವ್ಯಯದಲ್ಲಿ ರಾಜ್ಯ ಸರ್ಕಾರವು ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಭತ್ಯೆ ಘೋಷಿಸಿದ್ದು ದೊಡ್ಡ ಹೆಜ್ಜೆಯಾಗಿತ್ತು, ಆದರೆ ಆ ಘೋಷಣೆ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರನ್ನು ಹೆಸರಿಸಿತು. ಎರಡು ಗಂಟೆಗೊಮ್ಮೆ ಎದ್ದು ಮಗನನ್ನೋ ಗಂಡನನ್ನೋ ಮಗ್ಗುಲು ಹೊರಳಿಸುವ ಹೆಂಗಸಿನ ಹೆಸರು ಅದರಲ್ಲಿ ಬರಲಿಲ್ಲ. ಕೂಲಿಗೆ ಹೋಗುತ್ತಿದ್ದ ಆಕೆ ಮನೆಯಲ್ಲಿ ಉಳಿದ ದಿನವೇ ಆ ಮನೆಯ ಎರಡನೆಯ ದುಡಿಮೆಯೂ ನಿಲ್ಲುತ್ತದೆ.

2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಅದರ 24ನೆಯ ಕಲಮು, ಸರ್ಕಾರವು ತನ್ನ ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ ವಿಕಲಚೇತನರ ಸಾಮಾಜಿಕ ಭದ್ರತೆಗೆ ಯೋಜನೆಗಳನ್ನು ರೂಪಿಸಬೇಕೆಂದೂ, ಇತರರಿಗಿರುವ ಇಂಥದೇ ಯೋಜನೆಗಿಂತ ವಿಕಲಚೇತನರಿಗೆ ನೀಡುವ ನೆರವು ಕನಿಷ್ಠ ಶೇ. 25ರಷ್ಟು ಹೆಚ್ಚಿರಬೇಕೆಂದೂ ಹೇಳಿ, ಉಚಿತ ಸಾಧನ ಸಲಕರಣೆ ಮತ್ತು ಔಷಧ, ಮಾಸಾಶನ, ಹೆಚ್ಚಿನ ಬೆಂಬಲದ ಅಗತ್ಯವಿರುವವರಿಗೆ ಆರೈಕೆದಾರರ ಭತ್ಯೆ ಮತ್ತು ಸಮಗ್ರ ವಿಮೆಯನ್ನು ಹೆಸರಿಸಿಯೇ ಸೂಚಿಸುತ್ತದೆ. ಹೆಚ್ಚಿನ ಬೆಂಬಲದ ಅಗತ್ಯವೆಂದರೆ ದಿನನಿತ್ಯದ ಕೆಲಸಗಳಿಗೆ ಇನ್ನೊಬ್ಬರ ತೀವ್ರವಾದ ದೈಹಿಕ ಅಥವಾ ಇತರ ನೆರವು ಬೇಕಾಗಿರುವ ಸ್ಥಿತಿ. ಅಂಥ ಬೆಂಬಲಕ್ಕಾಗಿ ವಿಕಲಚೇತನ ವ್ಯಕ್ತಿ ತಾನೇ, ಅಥವಾ ಅವರ ಪರವಾಗಿ ಬೇರೊಬ್ಬ ವ್ಯಕ್ತಿ ಇಲ್ಲವೇ ಸಂಸ್ಥೆ ಅರ್ಜಿ ಹಾಕಬಹುದು ಎಂದು 38ನೆಯ ಕಲಮು ಅವಕಾಶ ಕೊಟ್ಟಿದೆ, ಮತ್ತು ಆ ಅರ್ಜಿಯನ್ನು ಮೌಲ್ಯಮಾಪನ ಮಂಡಳಿಗೆ ಒಪ್ಪಿಸಿ ವರದಿಯಂತೆ ಬೆಂಬಲ ಒದಗಿಸಬೇಕೆಂದು ಹೇಳಿದೆ. ಸ್ನೇಹಿತರಿಗೆ ಕಾನೂನು ಕೊಟ್ಟ ಈ ಅವಕಾಶವನ್ನೇ ಮನವಿದಾರರು ಈಗ ಬಳಸಲು ಬಯಸುತ್ತಾರೆ.

ಆದುದರಿಂದ ಮೊದಲನೆಯದಾಗಿ, ಬೆನ್ನುಹುರಿ ಪೆಟ್ಟಿನಿಂದ ಹೆಚ್ಚಿನ ಬೆಂಬಲದ ಅಗತ್ಯಕ್ಕೊಳಗಾದ ಎಲ್ಲರ ಆರೈಕೆದಾರರನ್ನೂ ಮಾಸಿಕ ಭತ್ಯೆಯ ವ್ಯಾಪ್ತಿಗೆ ಸೇರಿಸಬೇಕು. ಕಾಯಿಲೆಯ ಹೆಸರನ್ನು ಆಧಾರವಾಗಿಡದೆ ಬೆಂಬಲದ ಅಗತ್ಯವನ್ನೇ ಆಧಾರವಾಗಿಸಿದರೆ ಮುಂದೆ ಯಾರೂ ಪಟ್ಟಿಯಿಂದ ಹೊರಗುಳಿಯುವುದಿಲ್ಲ. ಎರಡನೆಯದಾಗಿ, ಮತ್ತು ಮನವಿದಾರರ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ತುರ್ತಿನದು, ನಳಿಕೆ, ಡೈಪರ್, ಗ್ಲೌಸ್, ಡ್ರೆಸ್ಸಿಂಗ್ ಮತ್ತು ನಿಗದಿತ ಮಾತ್ರೆಗಳನ್ನು ಸೇರಿಸಿದ ತಿಂಗಳ ಸಾಮಗ್ರಿಯನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ಉಚಿತವಾಗಿ ಮನೆಗೆ ತಲುಪಿಸಬೇಕು. ಇದಕ್ಕೆ ಅದೇ ಅಧಿನಿಯಮದ 88ನೆಯ ಕಲಮಿನಲ್ಲಿ ಹೇಳಿದ ರಾಜ್ಯ ನಿಧಿಯಿಂದಲೂ, ಗ್ರಾಮ ಪಂಚಾಯತಿಗಳು ತಮ್ಮ ಸ್ವಂತ ಸಂಪನ್ಮೂಲದಲ್ಲಿ ವಿಕಲಚೇತನರಿಗೆಂದು ಮೀಸಲಿಡುವ ಶೇ. 5ರ ಹಣದಿಂದಲೂ ನೆರವು ಪಡೆಯಬಹುದು; ಆದರೆ ಘಟ್ಟದ ಮೇಲಿನ ಸಣ್ಣ ಪಂಚಾಯತಿಗಳ ವರಮಾನವೇ ಕಡಿಮೆಯಿರುವುದರಿಂದ ಮುಖ್ಯ ಭಾರವನ್ನು ರಾಜ್ಯವೇ ಹೊರಬೇಕಾಗುತ್ತದೆ.

ಮೂರನೆಯ ಬೇಡಿಕೆ ಮನೆ ಬಾಗಿಲ ಚಿಕಿತ್ಸೆಯದು. ಉತ್ತರ ಕನ್ನಡದ ರೋಗಿಗಳು ದೊಡ್ಡ ಚಿಕಿತ್ಸೆಗೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರಿಗೆ ಹೋಗಬೇಕಾಗಿರುವುದನ್ನೂ, ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂದು 2019ರಿಂದ ಜನ ಒತ್ತಾಯಿಸುತ್ತಿರುವುದನ್ನೂ ಸರ್ಕಾರ ಬಲ್ಲದು. ಆದರೆ ಮನೆಗೆ ತಲುಪಲು ಕಾಲುಸಂಕ, ಅಂದರೆ ಹಳ್ಳದ ಮೇಲಿನ ಮರದ ಕಿರುಸೇತುವೆ, ದಾಟಬೇಕಾದ ಊರುಗಳಲ್ಲಿ ಸ್ವಾಧೀನ ತಪ್ಪಿದವರನ್ನು ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆಗೆ ಕರೆದೊಯ್ಯುವುದೇ ನಾಲ್ಕು ಜನರ ಒಂದು ದಿನದ ಕೆಲಸ. ನೆರೆಯ ಕೇರಳವು 2008ರ ಉಪಶಾಮಕ ಆರೈಕೆ ನೀತಿಯಂತೆ, ಅಂದರೆ ಗುಣವಾಗದ ಕಾಯಿಲೆಯಲ್ಲಿ ನೋವು ಮತ್ತು ಕಷ್ಟವನ್ನು ತಗ್ಗಿಸುವ ಆರೈಕೆಯ ನೀತಿಯಂತೆ, ಸ್ಥಳೀಯ ಸಂಸ್ಥೆಗಳ ಹಣದಿಂದ ದಾದಿಯರನ್ನು ಹಾಸಿಗೆ ಹಿಡಿದವರ ಮನೆಗೇ ಕಳುಹಿಸುತ್ತಿದೆ. ಅಷ್ಟು ದೂರವೂ ಹೋಗಬೇಕಿಲ್ಲ: ಎಂಡೋಸಲ್ಫಾನ್ ಬಾಧಿತರಿಗೆ ನಮ್ಮ ರಾಜ್ಯವೇ ಸಾಮಾನ್ಯ ಮಾಸಾಶನಕ್ಕಿಂತ ಹೆಚ್ಚಿನ ಮಾಸಾಶನ, ಉಚಿತ ಚಿಕಿತ್ಸೆ ಮತ್ತು ಸಂಚಾರಿ ಆರೋಗ್ಯ ಘಟಕದ ಸೌಲಭ್ಯವನ್ನು ಕರಾವಳಿಯ ಜಿಲ್ಲೆಗಳಲ್ಲಿ ಒದಗಿಸಿದೆ. ಆ ಮಾದರಿಯಲ್ಲಿಯೇ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲೂಕುಗಳಿಗೆ ದಾದಿ ಮತ್ತು ಫಿಸಿಯೋಥೆರಪಿಸ್ಟ್ ಇರುವ ಒಂದು ಸಂಚಾರಿ ಘಟಕವನ್ನು ಕೊಟ್ಟು, ಅದು ಪ್ರತಿ ಮನೆಗೂ ತಿಂಗಳಿಗೆ ಎರಡು ಬಾರಿ ಭೇಟಿ ಕೊಡುವಂತೆ ಮಾಡಬೇಕು.

ಗಾಲಿಕುರ್ಚಿ ಓಡಾಡಲು ಮನೆಯ ಇಳಿಜಾರು, ಅಗಲವಾದ ಬಾಗಿಲು ಮತ್ತು ಒಳಗೇ ಶೌಚಾಲಯ, ಗಾಳಿ ಹಾಸಿಗೆಗೆ ಸೋಲಾರ್ ಅಥವಾ ಬ್ಯಾಟರಿಯ ಇನ್ವರ್ಟರ್, ಇವುಗಳಿಗೆ ಒಮ್ಮೆ ನೀಡುವ ಸಹಾಯಧನವೂ ಬೇಕು. ಅಪಘಾತವೇ ಆಗದಂತೆ ನೋಡಿಕೊಳ್ಳುವುದೂ ಈ ಬೇಡಿಕೆಯ ಭಾಗವಾಗಿದೆ: ನೆಲದ ಮೇಲೆ ನಿಂತೇ ಕೊಯ್ಯುವ ಹಾಗೂ ಔಷಧ ಸಿಂಪಡಿಸುವ ಕಾರ್ಬನ್ ಫೈಬರ್ ದೋಟಿಗೆ ಸಣ್ಣ ಹಿಡುವಳಿದಾರರಿಗೂ ಎಟಕುವ ಸಹಾಯಧನ ಕೊಡಬೇಕು, ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆಯಿರುವಂತೆ ಕೊನೆಗೌಡರಿಗೂ ಒಂದು ವಿಮೆಯನ್ನು ರೂಪಿಸಬೇಕು, ಮತ್ತು ಅಲ್ಲಿಯವರೆಗೆ ವರ್ಷಕ್ಕೆ 20 ರೂಪಾಯಿಗೆ ಎರಡು ಲಕ್ಷದವರೆಗೆ ಪರಿಹಾರ ಕೊಡುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಪ್ರತಿಯೊಬ್ಬ ಕೊನೆಗೌಡನನ್ನೂ ಮಳೆಗಾಲಕ್ಕೆ ಮುನ್ನ ಸೇರಿಸುವ ಹೊಣೆಯನ್ನು ಪಂಚಾಯತಿಗಳಿಗೆ ವಹಿಸಬೇಕು.

ಇವೆಲ್ಲದರ ಆರಂಭಕ್ಕೆ ಯಾರು ಎಲ್ಲಿದ್ದಾರೆಂಬ ಲೆಕ್ಕ ಬೇಕು. ಪ್ರತಿ ಪಂಚಾಯತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮತ್ತು ತಾಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿಂದ ಮೂರು ತಾಲೂಕುಗಳಲ್ಲಿ ಮನೆಮನೆ ಸಮೀಕ್ಷೆ ಮಾಡಿಸಿ, ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ ಇಲ್ಲದವರಿಗೆ ವೈದ್ಯಕೀಯ ತಂಡವೇ ಮನೆಗೆ ಹೋಗಿ ಅದನ್ನು ಮಾಡಿಸಿಕೊಡಬೇಕು. ಈ ಸಮೀಕ್ಷೆಗೆ ದಾರಿ ತೋರಿಸಲು, ಸಾಮಗ್ರಿಯನ್ನು ಆರೋಗ್ಯ ಕೇಂದ್ರದಿಂದ ಮನೆಗೆ ಒಯ್ಯಲು, ಅರ್ಜಿ ತುಂಬಿಸಿಕೊಡಲು ಸ್ನೇಹಿತರ ಗುಂಪುಗಳು ಸಿದ್ಧವಾಗಿವೆ. ಊರಿನ ವಂತಿಗೆಯೂ ನಿಲ್ಲುವುದಿಲ್ಲ. ನಳಿಕೆ ಮತ್ತು ಡೈಪರಿನ ಚಿಂತೆ ತಪ್ಪಿದರೆ ಆ ಹಣದಿಂದ ಸ್ವಾಧೀನ ತಪ್ಪಿದವರಿಗೆ ಕಂಪ್ಯೂಟರ್, ಹೊಲಿಗೆ ಯಂತ್ರ, ಸಣ್ಣ ಅಂಗಡಿ, ಇಲ್ಲವೇ ಊರಿನ ಯಕ್ಷಗಾನಕ್ಕೆ ಹೋಗಿಬರಲು ವಾಹನದ ಬಾಡಿಗೆ ಒದಗಿಸಬಹುದು.

ವಿಕಲಚೇತನರ ವಿಷಯಗಳಿಗೆ ಸಂಬಂಧಿಸಿದ ಜಿಲ್ಲಾ ಮಟ್ಟದ ಸಮಿತಿಯು ಈ ಮನವಿಯನ್ನು ತನ್ನ ಮುಂದಿನ ಸಭೆಯಲ್ಲಿ ಚರ್ಚೆಗೆ ತೆಗೆದುಕೊಂಡು, ಸಿದ್ದಾಪುರದಲ್ಲಿ ಗಾಲಿಕುರ್ಚಿ ಒಳಬರುವಂಥ ನೆಲಮಹಡಿಯ ಸಭಾಂಗಣದಲ್ಲಿ ಒಂದು ಅಹವಾಲು ಸಭೆ ನಡೆಸಬೇಕೆಂದೂ, ಅಲ್ಲಿಗೂ ಬರಲಾಗದವರ ಮಾತನ್ನು ಅಧಿಕಾರಿಗಳು ಅವರ ಮನೆಯಲ್ಲಿಯೇ ಕೇಳಿ ದಾಖಲಿಸಬೇಕೆಂದೂ, ಕೈಗೊಂಡ ಕ್ರಮವನ್ನು 60 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕೆಂದೂ ಮನವಿದಾರರು ವಿನಯಪೂರ್ವಕವಾಗಿ ಕೋರುತ್ತಾರೆ.

ಇಂತಿ,
ನಿಲ್ಕುಂದ ಮತ್ತು ಸುತ್ತಲಿನ ಗ್ರಾಮಗಳ ಮನವಿದಾರರು,
ಸಿದ್ದಾಪುರ ತಾಲೂಕು, ಉತ್ತರ ಕನ್ನಡ.

ಪ್ರತಿ: ರಾಜ್ಯ ವಿಕಲಚೇತನರ ಆಯುಕ್ತರು, ಬೆಂಗಳೂರು, ಇವರ ಅವಗಾಹನೆಗಾಗಿ.