ರಕ್ತ ಏರಿಳಿಯುವುದಿಲ್ಲ ಸ್ವಾಮಿ

ಕೆಲವು ಜನಾಂಗದ ಮಕ್ಕಳ ತಲೆಗೆ ವಿಜ್ಞಾನ ಹತ್ತುವುದೇ ಇಲ್ಲವಂತೆ! ಈ ಮಾತನ್ನು ನಾವು ಸ್ಟಾಫ್ ರೂಮಿನಲ್ಲೂ ಕೇಳಿದ್ದೇವೆ, ಅಮೆರಿಕದಿಂದ ರಜೆಗೆ ಬಂದ ನೆಂಟರ ಬಾಯಲ್ಲೂ ಕೇಳಿದ್ದೇವೆ. ನೆಂಟರ ಬಳಿ ಪುರಾವೆಯೂ ಇರುತ್ತದೆ. ಅಲ್ಲಿನ ಪರೀಕ್ಷೆಗಳಲ್ಲಿ ಏಷ್ಯಾದವರು ಮುಂದೆ, ಕಪ್ಪು ಜನರು ಹಿಂದೆ, ಮುಗಿಯಿತು ಕತೆ. 1994ರಲ್ಲಿ ಬಂದ 'ದಿ ಬೆಲ್ ಕರ್ವ್' ಎಂಬ ದಪ್ಪ ಪುಸ್ತಕವೂ ಜನಾಂಗಗಳ ನಡುವಿನ ಬುದ್ಧಿಮತ್ತೆಯ ಅಂತರದಲ್ಲಿ ವಂಶವಾಹಿಗಳ ಪಾಲೂ ಇದ್ದೀತು ಎಂದು ಬರೆದು ಗದ್ದಲ ಎಬ್ಬಿಸಿತ್ತು.

ಸರಿ, ಅಂಕಪಟ್ಟಿಯನ್ನೇ ಬಿಚ್ಚೋಣ. ಅಮೆರಿಕದಲ್ಲಿ ನೇಪ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಇದೆ. ಅದರ 500 ಅಂಕಗಳ ಹಳೆಯ ಸರಣಿಯಲ್ಲಿ 17 ವರ್ಷದವರ ವಿಜ್ಞಾನದ ಸರಾಸರಿ ನೋಡಿ. 1977ರಲ್ಲಿ ಬಿಳಿಯರದು 298, ಕಪ್ಪು ವಿದ್ಯಾರ್ಥಿಗಳದು 240. ಅಂತರ 58. 1986ಕ್ಕೆ ಬಿಳಿಯರು ಅದೇ 298ರಲ್ಲಿ ನಿಂತಿದ್ದರು, ಕಪ್ಪು ವಿದ್ಯಾರ್ಥಿಗಳು 253ಕ್ಕೆ ಬಂದಿದ್ದರು. ಒಂಬತ್ತೇ ವರ್ಷದಲ್ಲಿ ಅಂತರ 45ಕ್ಕೆ ಇಳಿಯಿತು. 1999ರಲ್ಲಿ 306 ಮತ್ತು 254, ಅಂದರೆ ಮತ್ತೆ 52! ಹಿಸ್ಪ್ಯಾನಿಕ್ ಮಕ್ಕಳು 1982ರಲ್ಲಿ 249 ಇದ್ದವರು 1999ಕ್ಕೆ 276.

ಒಂಬತ್ತು ವರ್ಷದಲ್ಲಿ ಯಾರ ರಕ್ತ ಬದಲಾಯಿತು ಸ್ವಾಮಿ? ಮತ್ತೆ ಹದಿಮೂರು ವರ್ಷದಲ್ಲಿ ಅದು ಹಿಂದಕ್ಕೆ ಹರಿಯಿತೇ? ಬದಲಾದದ್ದು ಬೇರೆ. 1964ರ ನಾಗರಿಕ ಹಕ್ಕು ಕಾಯಿದೆ ಬಂದ ಮೇಲೆಯೇ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಮಕ್ಕಳಿಗೆ ಬಿಳಿಯರ ಶಾಲೆಯ ಬಾಗಿಲು ನಿಜವಾಗಿ ತೆರೆಯತೊಡಗಿತು. ಬಡ ಮಕ್ಕಳ ಶಾಲೆಗಳಿಗೆ ಕೇಂದ್ರದ ಹಣ, ಹೆಡ್ ಸ್ಟಾರ್ಟ್ ಎಂಬ ಶಾಲಾಪೂರ್ವ ಯೋಜನೆ, ಎರಡೂ ಶುರುವಾದದ್ದು 1965ರಲ್ಲಿ. 1986ರಲ್ಲಿ ಪರೀಕ್ಷೆ ಬರೆದವರು ಹುಟ್ಟಿದ್ದು ಅದರ ನಂತರ. ಇದೊಂದೇ ಕಾರಣ ಎಂದು ನಾವು ಹಟ ಹಿಡಿಯುವುದಿಲ್ಲ. ಆದರೆ ಹಟ ಹಿಡಿಯುವವರು ವಂಶವಾಹಿಯ ಲೆಕ್ಕವನ್ನು ಈ ಏರಿಳಿತಕ್ಕೆ ಹೊಂದಿಸಿ ತೋರಿಸಲಿ.

ಇನ್ನು ನಮ್ಮ ನೆಂಟರ ಹೆಮ್ಮೆ. 1965ರ ವಲಸೆ ಕಾನೂನು ಓದಿದವರಿಗೆ, ಕೆಲಸ ಬಲ್ಲವರಿಗೆ ದಾರಿ ಬಿಟ್ಟಿತು. ಡಾಕ್ಟರು, ಇಂಜಿನಿಯರು ಹಾರಿದರು. ಅವರ ಮಕ್ಕಳ ಮನೆಯಲ್ಲಿ ತೊಟ್ಟಿಲಿನಿಂದಲೇ ಪುಸ್ತಕ. ಜರಡಿ ಹಿಡಿದು ಆರಿಸಿದ ಕಾಳನ್ನು ತೋರಿಸಿ ಇಡೀ ಗದ್ದೆಯ ಬೆಳೆಯೇ ಹೀಗೆ ಎಂದರೆ ರೈತ ನಗುತ್ತಾನೆ. ಲಾವೋಸಿನಿಂದ ನಿರಾಶ್ರಿತರಾಗಿ ಹೋದ ಹ್ಮಾಂಗ್ ಕುಟುಂಬದ ಮಕ್ಕಳೂ ಅದೇ 'ಏಷ್ಯನ್' ಕಾಲಂನಲ್ಲಿಯೇ ಇದ್ದಾರೆ, ನೆಂಟರಿಗೆ ಅವರು ನೆನಪಿಗೆ ಬರುವುದಿಲ್ಲ.

1999ರ ನಂತರ ಆ ಹಳೆಯ ಸರಣಿಯಿಂದ ವಿಜ್ಞಾನವನ್ನೇ ಕೈಬಿಟ್ಟರು. ಬೇರೆ ಅಳತೆಗೋಲಿನ ಹೊಸ ಪರೀಕ್ಷೆಯಲ್ಲಿ, 8ನೇ ತರಗತಿಯಲ್ಲಿ, 2009ರಿಂದ 2015ಕ್ಕೆ ಕಪ್ಪು ಮಕ್ಕಳು 126ರಿಂದ 132ಕ್ಕೆ, ಹಿಸ್ಪ್ಯಾನಿಕ್ ಮಕ್ಕಳು 132ರಿಂದ 140ಕ್ಕೆ ಏರಿದರು. ಬಿಳಿಯರು 162ರಿಂದ 166ಕ್ಕೆ. ಆಮೇಲೆ 2019ಕ್ಕೆ ಹೋಲಿಸಿದರೆ 2024ರಲ್ಲಿ ಇಡೀ ದೇಶದ ಸರಾಸರಿಯೇ 4 ಅಂಕ ಕುಸಿಯಿತು. ಆಗ ಅಮೆರಿಕನ್ನರ ತಳಿ ಕೆಟ್ಟಿತು ಎಂದು ನಮ್ಮ ಸ್ಟಾಫ್ ರೂಮಿನ ಪಂಡಿತರು ಹೇಳಲಿಲ್ಲ. ಕೊರೋನಾದಲ್ಲಿ ಶಾಲೆ ಮುಚ್ಚಿತ್ತಲ್ಲ ಪಾಪ, ಎಂದರು. ಎಲ್ಲರೂ ಬಿದ್ದರೆ ಶಾಲೆಯ ತಪ್ಪು, ಕೆಲವರು ಬಿದ್ದರೆ ಹುಟ್ಟಿನ ತಪ್ಪು... ಒಳ್ಳೆಯ ನ್ಯಾಯ!

ನಮಗೆ ಇದು ದೂರದ ಜಗಳವಲ್ಲ. ಗಡಿಯಾಚೆಯ ಕನ್ನಡ ಮಕ್ಕಳ ಅಂಕ ಕಡಿಮೆ ಬಂದಾಗಲೆಲ್ಲ ಇದೇ ಮಾತು ನಮ್ಮ ಕಿವಿಗೂ ಬೀಳುತ್ತದೆ. ಒಮ್ಮೆ ಪರೀಕ್ಷೆ ಮುಗಿಸಿ ಬಂದ ಹುಡುಗಿಯೊಬ್ಬಳು ವಿಜ್ಞಾನದ ಪ್ರಶ್ನೆಪತ್ರಿಕೆ ಹಿಡಿದು, "ಮಾಷ್ಟ್ರೇ, ಇದರಲ್ಲಿ ಎಂತ ಕೇಳಿದ್ದು?" ಎಂದಳು. ಯಾರೋ ಅವಸರದಲ್ಲಿ ಅನುವಾದಿಸಿದ ಕನ್ನಡ. ನಮಗೂ ಎರಡು ಸಲ ಓದಬೇಕಾಯಿತು. ಬಿಡಿಸಿ ಹೇಳಿದೆವು. ನಿಂತಲ್ಲೇ ಸರಿಯುತ್ತರ ಹೇಳಿದಳು.